ಕೀಬೋರ್ಡ್ ಅಣ್ಣ ಆರಿಸದೇ ಹೋದ ದನಿ

ಕೀಬೋರ್ಡ್ ಅಣ್ಣ ಸತ್ತಾಗ ಅವನ ಹೆಂಡತಿ ಕಾಲರ್ ಹೊಲಿಯುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗೆ ಆಗುತ್ತದೆ.

ಮನೆಯಲ್ಲಿ ಎರಡೇ ಕೋಣೆ. ಮುಂದಿನದು ಅವಳದು. ಅಲ್ಲಿ ಹೊಲಿಗೆ ಮಷಿನ್, ಇಸ್ತ್ರಿ ಹಲಗೆ, ಶಾಲೆಯ ಯೂನಿಫಾರ್ಮಿನ ನೀಲಿ ಬಟ್ಟೆಯ ರಾಶಿ. ಹಿಂದಿನದು ಅವನದು. ಅಲ್ಲಿ ಮಂಚ, ಒಂದು ಮೇಜು, ಗೋಡೆಗೆ ಒರಗಿಸಿಟ್ಟ ಹಳೆಯ ಕೀಬೋರ್ಡು. ನಡುವೆ ಬಾಗಿಲಿಲ್ಲ, ಪರದೆ ಇತ್ತು. ಉಳಿದ ಯೂನಿಫಾರ್ಮ್ ಬಟ್ಟೆಯಲ್ಲಿ ಅವಳೇ ಹೊಲಿದದ್ದು. ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಮೂರು ಶಾಲೆಗಳ ಮಕ್ಕಳು ಅವಳು ಹೊಲಿದ ಅಂಗಿ ಹಾಕುತ್ತಿದ್ದರು.

ಅವನು ಮೂವತ್ತು ವರ್ಷ ಒಂದೇ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದ. ಮದುವೆ, ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ. ಹಾಡುವವಳ ಗಂಟಲು ನೋಡಿಯೇ ಇವತ್ತು ಮೇಲಿನ ಸ್ವರ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ಕೇಳದೇ ಶ್ರುತಿ ಇಳಿಸುತ್ತಿದ್ದ. ಅವಳ ಮಾನ ಉಳಿಯುತ್ತಿತ್ತು. ಚಪ್ಪಾಳೆಯೂ ಅವಳಿಗೇ ಬೀಳುತ್ತಿತ್ತು. ಮೂವತ್ತು ವರ್ಷವೂ ಬೇರೆಯವರ ಹಾಡು. ಊರಿಗೆಲ್ಲ ಬಡಿಸಿ ತಾನು ಒಂದು ದಿನವೂ ಪಂಕ್ತಿಯಲ್ಲಿ ಕೂರದ ಅಡುಗೆಯವನ ಹಾಗೆ.

ಆಮೇಲೆ ಹಾಡುವವರು ಪೆನ್‌ಡ್ರೈವಿನಲ್ಲಿ ಸಂಗೀತ ತಂದು ಅದರ ಮೇಲೆ ಹಾಡಲು ಕಲಿತರು. ನುಡಿಸುವವರ ಕೈಗೆ ಕೆಲಸ ಇಲ್ಲವಾಯಿತು. ಡ್ರಮ್ಮಿನವನು ಟಯರ್ ಅಂಗಡಿ ಇಟ್ಟ. ಗಿಟಾರಿನವನು ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಸೇರಿದ. ಕೀಬೋರ್ಡ್ ಅಣ್ಣ ಮನೆಯಲ್ಲಿ ಕೂತ. ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನು ಅಪ್ಪನಿಗೆ ಕೊಟ್ಟಳು. ಅವನು ಅದರಲ್ಲಿ ಸಂಗೀತ ಮಾಡುವುದನ್ನು ಕಲಿತ. ಕಣ್ಣಿಗೆ ಕನ್ನಡಕ ಏರಿಸಿ, ನಾಲಿಗೆ ಕಚ್ಚಿಕೊಂಡು, ಮಗುವಿನ ಹಾಗೆ ಕಲಿತ.

ಬೇಕರಿಯ ಮೇಲಿನ ಮಹಡಿಯಲ್ಲಿ ಒಬ್ಬ ಡ್ಯಾನ್ಸ್ ಟೀಚರ್ ಇದ್ದಳು. ಅವಳು ಒಂದು ದಿನ ಅವನನ್ನು ಬೀದಿಯಲ್ಲೇ ನಿಲ್ಲಿಸಿದಳು.

"ಅಣ್ಣಾ, ವರ್ಷದ ಕೊನೆಗೆ ನಮ್ಮ ಮಕ್ಕಳ ಶೋ ಇದೆ. ಎಂಟು ನಿಮಿಷದ್ದು ಒಂದು ಸಂಗೀತ ಬೇಕು. ಮಾತು ಬೇಡ, ಹಾಡು ಬೇಡ. ಯಾರದ್ದೋ ಎತ್ತಿ ಹಾಕಿದ್ದು ಬೇಡ. ನಿಮ್ಮದೇ ಆಗಿರಬೇಕು."

ಆ ದಿನ ಅವನು ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದ. ಟೈಲರಮ್ಮ ಒರೆಸಿದ ನೆಲದ ಮೇಲೆ ಹೆಜ್ಜೆ ಮೂಡಿತು. ಅವಳು ಬೈದಳು. ಅವನಿಗೆ ಕೇಳಿಸಲಿಲ್ಲ.

ಎರಡು ತಿಂಗಳಲ್ಲಿ ತಾಳ ಆಯಿತು, ಕೆಳಗಿನ ಸ್ವರ ಆಯಿತು, ಮೇಲಿನ ರಾಗವೂ ಆಯಿತು. ಉಳಿದದ್ದು ಒಂದೇ. ಆ ರಾಗ ಯಾವ ದನಿಯಲ್ಲಿ ಬರಬೇಕು ಎನ್ನುವುದು.

"ಎಂಥಾ ದನಿ ಬೇಕು ನಿಮಗೆ?" ಎಂದು ಟೈಲರಮ್ಮ ಕೇಳಿದ್ದಳು.

"ಪಕ್ಕದ ಕೋಣೆಯಿಂದ ಯಾರೋ ಕರೆದ ಹಾಗೆ ಇರಬೇಕು. ಜೋರಾಗಿ ಅಲ್ಲ. ಅಭ್ಯಾಸದಲ್ಲಿ ಕರೀತಾರಲ್ಲ, ಹಾಗೆ."

"ಹಾಗಾದ್ರೆ ನಿಮ್ಮದೇ ದನಿ ಹಾಕಿ. ದಿನಕ್ಕೆ ನೂರು ಸಲ ಕರೀತೀರಿ."

ದನಿ ಮಾಡುವುದಕ್ಕೆ ಕಂಪ್ಯೂಟರಿನ ಒಳಗೇ ಸಿಂಥಸೈಜರ್‌ಗಳು ಸಿಗುತ್ತವೆ ಎಂದು ಅವನು ಅವಳಿಗೆ ವಿವರಿಸಿದ. ಪೆಟ್ಟಿಗೆ ಇಲ್ಲ, ವೈರಿಲ್ಲ. ಸ್ಕ್ರೀನಿನ ಮೇಲೆ ನಾಬುಗಳ ಚಿತ್ರ ಇರುತ್ತದೆ, ಅದನ್ನೇ ತಿರುಗಿಸಬೇಕು.

"ಪೆಟ್ಟಿಗೆ ಇಲ್ಲ ಅಂದ್ರೆ ಧೂಳು ಹೊಡೆಯೋದು ತಪ್ಪಿತು," ಎಂದಳು ಅವಳು.

"ಕೇಳು ಪೂರ್ತಿ. ಎರಡು ಸಿಕ್ಕಿದೆ ನನಗೆ. ಒಂದರಲ್ಲಿ ಮೂರು ಸಾವಿರ ದನಿ ಮಾಡಿಯೇ ಇಟ್ಟಿದಾರೆ. ಬೇಕಾದ್ದನ್ನ ಒತ್ತಿದ್ರೆ ಆಯ್ತು. ಇನ್ನೊಂದರಲ್ಲಿ ಏನೂ ಇಲ್ಲ. ಗುಂಯ್ ಅನ್ನೋ ಒಂದು ಸದ್ದು, ಅಷ್ಟೇ. ಅದನ್ನ ನಾವೇ ಕೊಯ್ದು, ಮಡಚಿ, ಅಂಚು ಸರಿಮಾಡಿ ಆಕಾರಕ್ಕೆ ತರಬೇಕು."

"ಒಂದು ರೆಡಿಮೇಡ್ ಅಂಗಡಿ. ಇನ್ನೊಂದು ಥಾನು ಬಟ್ಟೆ, ಕತ್ತರಿ. ಅದಕ್ಕೆ ಇಷ್ಟು ಪುರಾಣ ಯಾಕೆ?"

ಅವನು ಮೇಜು ಗುದ್ದಿ ನಕ್ಕ. ಅವತ್ತಿನಿಂದ ಅವೆರಡಕ್ಕೂ ಮನೆಯಲ್ಲಿ ಅದೇ ಹೆಸರು. ರೆಡಿಮೇಡ್, ಕತ್ತರಿ.

ಎರಡನ್ನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಲ್ಯಾಪ್‌ಟಾಪ್ ಹಳೆಯದು. ಎರಡನ್ನೂ ಒಟ್ಟಿಗೆ ತೆರೆದರೆ ಅದರ ಫ್ಯಾನು ಏದುಸಿರು ಬಿಡುತ್ತಿತ್ತು, ಸಂಗೀತ ತೊದಲುತ್ತಿತ್ತು. ಒಂದನ್ನೇ ಕೊಳ್ಳಬೇಕು. ಕೊಳ್ಳುವ ತನಕ ಎರಡೂ ಬರೀ ಮಾದರಿಗೆಂದು ಬಿಟ್ಟಿ ಕೊಟ್ಟಂಥವು. ಸದ್ದು ಬರುತ್ತದೆ, ಮಾಡಿದ ದನಿ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಬೆಳಗಿನಿಂದ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅದಕ್ಕೆ ಅವನು ಒಂದು ನೋಟ್‌ಬುಕ್ ಇಟ್ಟ. ಯಾವ ನಾಬು ಎಲ್ಲಿಗೆ ತಿರುಗಿತ್ತು ಎಂದು ಬರೆದುಕೊಳ್ಳುವುದು, ಮಾರನೆಯ ದಿನ ಅದನ್ನು ನೋಡಿ ಮತ್ತೆ ತಿರುಗಿಸುವುದು. ರೆಡಿಮೇಡ್ ದನಿಯನ್ನೂ ಅವನು ತಿದ್ದದೇ ಬಿಟ್ಟಿರಲಿಲ್ಲ. ಇಪ್ಪತ್ತು ನಾಬು ಅಲ್ಲಿ, ಇಪ್ಪತ್ತು ನಾಬು ಇಲ್ಲಿ. ದಿನಾ ಬೆಳಿಗ್ಗೆ ಮುಖ ತೊಳೆದ ಹಾಗೆ ಅದೂ ಒಂದು ಕೆಲಸ.

ಆರಿಸುವ ಕೆಲಸವನ್ನು ಅವನು ಹೆಂಡತಿಯ ಕಿವಿಗೆ ಬಿಟ್ಟ.

ಅದಕ್ಕೊಂದು ಹಿಂದಿನ ಕತೆ ಇದೆ. ಆರ್ಕೆಸ್ಟ್ರಾದವರು ಒಮ್ಮೆ ಈ ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದಾಗ ಏನೋ ಸರಿಹೋಗುತ್ತಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಟೈಲರಮ್ಮ ಬಂದು, "ಆ ಡ್ರಮ್ಮು ಸಡಿಲ ಆಗಿದೆ, ಎದ್ದೇಳಿ," ಎಂದಳು. ನೋಡಿದರೆ ಹೌದು. ಅವಳು ಹೇಳಿದ್ದು ಊಟ ಆರುತ್ತಿದೆ ಎಂಬ ಸಿಟ್ಟಿಗೆ. ಬಾಯಿಗೆ ಬಂದದ್ದು ಡ್ರಮ್ಮು. ಆದರೆ ಕೀಬೋರ್ಡ್ ಅಣ್ಣ ಅದನ್ನು ಮರೆಯಲಿಲ್ಲ. ಹೋದಲ್ಲೆಲ್ಲ ಹೇಳಿದ. ಅವಳೂ ಬೇಡ ಅನ್ನಲಿಲ್ಲ.

"ನಿನ್ನ ಕಿವಿಗೆ ಯಾರೂ ಪಾಠ ಹೇಳಿಲ್ಲ. ಅದಕ್ಕೇ ಅದು ಕೆಟ್ಟಿಲ್ಲ," ಎನ್ನುತ್ತಿದ್ದ.

"ನಾಲ್ಕನೇ ಕ್ಲಾಸಿಗೆ ಬಿಟ್ಟವಳು ಅಂತ ನೇರವಾಗಿ ಹೇಳಿ."

ಕೇಳಿಸುವುದಕ್ಕೂ ಅವನದೊಂದು ಕ್ರಮ ಇತ್ತು. ಮೊದಲು ಒಂದರಲ್ಲಿ ಅರ್ಧ ನಿಮಿಷ ನುಡಿಸುತ್ತಿದ್ದ, ಆಮೇಲೆ ಇನ್ನೊಂದರಲ್ಲಿ ಅರ್ಧ ನಿಮಿಷ. ಯಾವುದು ಯಾವುದು ಎಂದು ಹೇಳುತ್ತಿರಲಿಲ್ಲ. ಹೆಸರು ಕೇಳಿದರೆ ಕಿವಿ ಕೆಡುತ್ತದೆ ಎನ್ನುತ್ತಿದ್ದ. ಇವತ್ತು ರೆಡಿಮೇಡ್ ಮೊದಲಾದರೆ ನಾಳೆ ಕತ್ತರಿ ಮೊದಲು. ಅವಳು ಹೇಳಬೇಕಾದದ್ದು ಇಷ್ಟೇ: ಮೊದಲನೆಯದು, ಇಲ್ಲವೇ ಎರಡನೆಯದು.

"ಏ, ಒಂದು ನಿಮಿಷ ಬಾ," ಎಂದು ಒಳಗಿನಿಂದ ಕರೆಯುತ್ತಿದ್ದ.

"ಬಂದೆ," ಎನ್ನುತ್ತಿದ್ದಳು. ಏಳುತ್ತಿರಲಿಲ್ಲ. "ಅಲ್ಲಿಂದಲೇ ಹಾಕಿ. ಕಿವಿ ಇಲ್ಲೇ ಇದೆ."

ಅವನು ಹಾಕುತ್ತಿದ್ದ. ಮಷಿನ್ ಓಡುತ್ತಿತ್ತು. ಬಾಯಲ್ಲಿ ಗುಂಡುಪಿನ್ನು.

ಮೊದಲ ದಿನ ಅವಳು ನಿಜವಾಗಿ ಕೇಳಿದಳು. ಮೊದಲನೆಯದು ಎಂದಳು. ಅದು ತಪ್ಪಾಯಿತು. ಅವನು ಪರದೆ ಸರಿಸಿ ಬಂದ. ಯಾಕೆ, ಏನು ಹಿಡಿಸಿತು, ಎರಡನೆಯದರಲ್ಲಿ ಏನು ಕಡಿಮೆ, ಇನ್ನೊಮ್ಮೆ ಕೇಳು. ಅರ್ಧ ಗಂಟೆ ಹೋಯಿತು. ಮಾರನೆಯ ದಿನ ಅವಳು ಎರಡನೆಯದು ಎಂದಳು. ಆಗಷ್ಟೇ ಮುಗಿದ ಆ ದನಿ ಕಿವಿಯಲ್ಲಿ ಇನ್ನೂ ಇದ್ದದ್ದರಿಂದಲೋ ಏನೋ, ಅವನು ಹೂಂ ಎಂದು ಬರೆದುಕೊಂಡು ಸುಮ್ಮನಾದ. ಟೈಲರಮ್ಮನಿಗೆ ದಾರಿ ಸಿಕ್ಕಿತು. ಅವತ್ತಿನಿಂದ ಅವಳ ಉತ್ತರ ಒಂದೇ. ಎರಡನೆಯದು. ಅವನು ನಿಲ್ಲಿಸಿದ ಕೂಡಲೇ, ಒಂದೊಂದು ದಿನ ನಿಲ್ಲಿಸುವ ಮೊದಲೇ, ಎರಡನೆಯದು. ಯೂನಿಫಾರ್ಮಿನ ಕಾಲ ಬಂದಿತ್ತು. ಮುನ್ನೂರು ಅಂಗಿ ಬಾಕಿ ಇತ್ತು. ಗಂಡನ ಎರಡು ಪೀಪಿಗಳ ನ್ಯಾಯ ತೀರಿಸಲು ಅವಳಿಗೆ ಪುರುಸೊತ್ತು ಇರಲಿಲ್ಲ.

ಅವಳು ಎರಡನೆಯದು ಎಂದಾಗ ಒಂದು ದಿನ ಅದು ರೆಡಿಮೇಡ್ ಆಗಿರುತ್ತಿತ್ತು, ಮರುದಿನ ಕತ್ತರಿ ಆಗಿರುತ್ತಿತ್ತು. ಅವನು ಅಷ್ಟು ಪ್ರಾಮಾಣಿಕವಾಗಿ ಅದಲು ಬದಲು ಮಾಡುತ್ತಿದ್ದ. ಇದು ಅವಳಿಗೆ ಆಗ ಹೊಳೆಯಲಿಲ್ಲ. ಅಷ್ಟು ಲೆಕ್ಕ ಅವಳಿಗೆ ಬರುವುದಿಲ್ಲ ಎಂದಲ್ಲ. ಯೋಚಿಸಲಿಲ್ಲ.

ಹೀಗೇ ತಿಂಗಳುಗಳು ಹೋದವು. ಆಮೇಲೆ ಒಂದು ದಿನ ಅವನು ಕರೆಯುವುದನ್ನು ಬಿಟ್ಟ. ಬೆಳಿಗ್ಗೆ ನಾಬು ತಿರುಗಿಸಲು ಮೌಸ್ ಒತ್ತುವ ಸದ್ದು ಕೇಳುತ್ತಿತ್ತು, ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಏ ಬಾ ಅನ್ನಲಿಲ್ಲ. ಅವಳಿಗೆ ನೆಮ್ಮದಿ ಆಯಿತು. ಅಂತೂ ಬುದ್ಧಿ ಬಂತು ಎಂದುಕೊಂಡಳು.

ಅದೇ ವಾರ ಡ್ಯಾನ್ಸ್ ಟೀಚರ್ ಮನೆಗೆ ಬಂದಳು. ಇಸ್ತ್ರಿ ಹಲಗೆಯ ಪಕ್ಕ ನಿಂತೇ ಮಾತಾಡಿದಳು.

"ಅಣ್ಣಾ, ಮಕ್ಕಳಿಗೆ ಕಲಿಸಬೇಕು. ಇವತ್ತು ಕೊಟ್ರೆ ಆಯ್ತು, ಇಲ್ಲಾಂದ್ರೆ ನಾನು ಬೇರೆ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ."

"ಎಲ್ಲ ಆಗಿದೆ ಮೇಡಂ. ದನಿ ಒಂದು ಆರಿಸಬೇಕು."

"ಯಾವುದಾದರೂ ಒಂದು ಹಾಕಿ ಕೊಡಿ. ಮಕ್ಕಳಿಗೆ ಏನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ ಮೇಡಂ. ಹತ್ತು ದಿನ ಕೊಡಿ. ಒಂದು ಸಣ್ಣ ಕೆಲಸ ಮುಗೀಲಿ ಅಂತ ಕಾಯ್ತಿದೀನಿ."

ಟೈಲರಮ್ಮ ಮಷಿನ್ ನಿಲ್ಲಿಸಲಿಲ್ಲ. ಹೊಲಿಯುತ್ತಲೇ ಹೇಳಿದಳು. "ಇವರನ್ನ ನಂಬ್ಕೊಂಡ್ರೆ ನಿಮ್ಮ ಮಕ್ಕಳು ಮುದುಕರಾಗಿ ಕುಣೀಬೇಕು. ನನ್ನನ್ನ ಮದುವೆ ಆಗೋಕೆ ಎರಡು ದಿನ ಯೋಚನೆ ಮಾಡಲಿಲ್ಲ. ಒಂದು ಪೀಪಿ ಆರಿಸೋಕೆ ಆರು ತಿಂಗಳು."

ಅವನು ನಕ್ಕ. "ಆಗ ನಿನ್ನ ಪಕ್ಕ ಎರಡನೆಯವಳನ್ನ ಯಾರೂ ನಿಲ್ಲಿಸಿರಲಿಲ್ಲ."

ಟೀಚರ್ ಕೂಡ ನಕ್ಕಳು. ನಗುತ್ತಲೇ, ಮುಂದಿನ ವರ್ಷ ನೋಡೋಣ ಅಣ್ಣಾ ಎಂದು ಮೆಟ್ಟಿಲಿಳಿದಳು. ಅವನು ಆಗಲಿ ಮೇಡಂ ಎಂದ. ಪರದೆ ಸರಿಸಿ ಒಳಗೆ ಹೋದ. ಪರದೆ ಸ್ವಲ್ಪ ಹೊತ್ತು ಅಲ್ಲಾಡುತ್ತಿತ್ತು. ಟೈಲರಮ್ಮ ಅದನ್ನು ನೋಡಿದಳು. ನೋಡಿ ಸೂಜಿಗೆ ದಾರ ಪೋಣಿಸಿದಳು.

ಎಂಟು ದಿನದ ಮೇಲೆ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಅವನು ಮೇಜಿನ ಮುಂದೆ ಕೂತಲ್ಲೇ ಹೋದ. ಹೆಡ್‌ಫೋನ್ ಕಿವಿಯಲ್ಲೇ ಇತ್ತು. ಎದೆ ಎಂದರು ಡಾಕ್ಟರು. ಒಂದು ಸದ್ದೂ ಇರಲಿಲ್ಲ. ಇದ್ದರೂ ಮಷಿನ್ ಓಡುತ್ತಿತ್ತು. ಅವಳು ಹಿಡಿದ ಕಾಲರ್ ಮುಗಿಸಿ, ದಾರ ಕಡಿದು, ಊಟಕ್ಕೆ ಏಳಿ ಎಂದು ಕರೆದಳು. ಎರಡು ಸಲ ಕರೆದಳು. ಮೂರನೆಯ ಸಲ ಸಿಟ್ಟಿನಲ್ಲಿ ಕರೆದಳು.

ಇನ್ನು ಹನ್ನೆರಡು ಅಂಗಿ ಬಾಕಿ ಇತ್ತು.

ನೋಟ್‌ಬುಕ್ ಅವಳ ಕೈಗೆ ಬಂದದ್ದು ತಿಂಗಳ ಮೇಲೆ. ಮೇಜು ಒರೆಸುವಾಗ ತೆರೆದು ನೋಡಿದಳು. ಓದು ನಿಧಾನ, ಅಕ್ಷರ ಕೂಡಿಸಿ ಓದಬೇಕು. ಮೊದಲ ಪುಟಗಳಲ್ಲಿ ಬರೀ ಹೊತ್ತು ಬರೆದಿತ್ತು. ಹತ್ತೂವರೆ ಗಂಟೆ, ಎರಡು ಗಂಟೆ, ಏಳು ಗಂಟೆ, ಮತ್ತೆ ಎರಡು ಗಂಟೆ. ತನಗೆ ಹೇಳದೇ ದಿನಕ್ಕೆ ಇಷ್ಟು ಮಾತ್ರೆ ತೆಗೆದುಕೊಳ್ಳುತ್ತಿದ್ದನೇ ಎಂದು ಮಗಳಿಗೆ ಫೋನ್ ಮಾಡಿದಳು.

ಮಗಳು ಬಂದು ನೋಡಿದಳು. "ಮಾತ್ರೆ ಅಲ್ಲಮ್ಮ. ನಾಬು. ಗಡಿಯಾರದ ಮುಳ್ಳಿನ ಹಾಗೆ ಯಾವ ಕಡೆ ತಿರುಗಿಸಬೇಕು ಅಂತ ಬರ್ಕೊಂಡಿದಾರೆ. ಎರಡು ಗಂಟೆ ಅಂದ್ರೆ ಮುಳ್ಳು ಎರಡರ ಮೇಲೆ."

"ಮುಂದೆ ಏನಿದೆ ಓದು."

ಮುಂದೆ ದಿನಗಳಿದ್ದವು. ಪ್ರತಿ ಸಾಲಿಗೂ ತಾರೀಕು, ಯಾವುದು ಮೊದಲು ಹಾಕಿದ್ದು, ಯಾವುದು ಆಮೇಲೆ, ಅವಳ ಉತ್ತರ. ಕೊನೆಯಲ್ಲಿ ಎರಡು ಪದ: ಮಷಿನ್ ಓಡುತ್ತಿತ್ತು. ಮಗಳು ಓದುತ್ತಾ ಹೋದಳು. ಎರಡನೆಯದು, ಮಷಿನ್ ಓಡುತ್ತಿತ್ತು. ಎರಡನೆಯದು, ಮಷಿನ್ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗಳ ದನಿ ಸಣ್ಣದಾಯಿತು. ಒಂದು ತಿಂಗಳದ್ದನ್ನು ಪುಟದ ಕೆಳಗೆ ಅವನು ಕೂಡಿಸಿದ್ದ. ರೆಡಿಮೇಡ್ ಹದಿನೈದು, ಕತ್ತರಿ ಹದಿನಾರು. ಅದರ ಕೆಳಗೆ: ಇವಳ ಕಿವಿಗೂ ಎರಡೂ ಸಮ ಅಂದರೆ ನನ್ನ ಆಸೆಯನ್ನು ನಾನು ಹೇಗೆ ನಂಬಲಿ.

"ಇದು ಏನು?" ಎಂದಳು ಟೈಲರಮ್ಮ. ಕೊನೆಯ ಪುಟದಲ್ಲಿ ಮೂರೇ ಸಾಲು ಇತ್ತು.

ಮಗಳು ತಡೆದು ಓದಿದಳು. "ಇವತ್ತು ಎರಡು ಸಲವೂ ಒಂದನ್ನೇ ಹಾಕಿದೆ. ಎರಡನೆಯದು ಅಂದಳು."

"ಆಮೇಲೆ?"

"ಪಾಪ, ಕೆಲಸ ಜಾಸ್ತಿ. ಯೂನಿಫಾರ್ಮ್ ಮುಗಿಯಲಿ. ಮಷಿನ್ ನಿಲ್ಲಿಸಿ, ಕೂರಿಸಿ ಕೇಳಿಸಬೇಕು."

ಕರೆಯುವುದನ್ನು ಅವನು ಬಿಟ್ಟದ್ದು ಆ ದಿನದಿಂದ. ಟೀಚರ್ ಹತ್ತಿರ ಸಣ್ಣ ಕೆಲಸ ಎಂದದ್ದು ಇದನ್ನೇ. ಅವಳ ಮುನ್ನೂರು ಅಂಗಿಯನ್ನು.

ಟೈಲರಮ್ಮ ಅಳಲಿಲ್ಲ. ಅವನು ಬೈದಿದ್ದರೆ ಅಳಬಹುದಿತ್ತು. ಯಾಕೆ ಕೇಳುತ್ತಿಲ್ಲ ಎಂದು ಒಂದು ದಿನ ಪರದೆ ಕಿತ್ತು ಬಿಸಾಕಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು. ಜಗಳ ಆಗುತ್ತಿತ್ತು. ಜಗಳದ ನಡುವೆ ಸತ್ಯ ಹೊರಗೆ ಬೀಳುತ್ತಿತ್ತು. ನನಗೆ ಪುರುಸೊತ್ತಿಲ್ಲ, ನೀವೇ ಆರಿಸಿಕೊಳ್ಳಿ ಎನ್ನುತ್ತಿದ್ದಳು. ಅಷ್ಟು ಹೇಳಿದ್ದರೂ ಸಾಕಿತ್ತು. ಅವನು ಆ ದಿನವೇ ಆರಿಸುತ್ತಿದ್ದ. ಪಾಪ ಎಂದು ಬರೆದು ಹೋಗಿದ್ದ. ಪಾಪ ಎಂದವನ ಹತ್ತಿರ ಹೇಗೆ ಜಗಳ ಆಡುವುದು.

ಮಗಳು ಲ್ಯಾಪ್‌ಟಾಪ್ ತೆರೆದು ಸಂಗೀತ ಹಾಕಿದಳು. ತಾಳ ಬಂತು. ಕೆಳಗಿನ ಸ್ವರ ಬಂತು. ರಾಗ ಬರಲಿಲ್ಲ. ಸ್ಕ್ರೀನಿನ ಮೇಲೆ ಸಣ್ಣ ಸಣ್ಣ ಪಟ್ಟಿಗಳು ಓಡಿದವು, ಸದ್ದಿರಲಿಲ್ಲ.

"ಸ್ವರ ಎಲ್ಲಾ ಬರೆದಿಟ್ಟಿದಾರಮ್ಮ. ದನಿ ಉಳಿದಿಲ್ಲ. ಕೊಂಡಿರಲಿಲ್ಲವಲ್ಲ."

ಎಂಟು ನಿಮಿಷ ಇಬ್ಬರೂ ಕೂತು ಅದನ್ನೇ ಕೇಳಿದರು. ಕಾಜಾ ಬಿಟ್ಟು ಗುಂಡಿ ಹಾಕದ ಅಂಗಿಯ ಹಾಗಿತ್ತು.

ಗಿಟಾರಿನವನ ಸ್ಟುಡಿಯೋದಲ್ಲಿ ಎರಡೂ ಸಿಂಥಸೈಜರ್ ಇದ್ದವು. ದುಡ್ಡು ಕೊಟ್ಟು ಕೊಂಡಂಥವು, ದನಿ ಉಳಿಯುವಂಥವು. ತಾಯಿ ಮಗಳು ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋದರು. ಗೋಡೆಗೆಲ್ಲ ಬೂದು ಸ್ಪಂಜು ಅಂಟಿಸಿದ ಕೋಣೆ. ಬಾಗಿಲು ಹಾಕಿದರೆ ತನ್ನ ಉಸಿರೇ ಕೇಳುತ್ತಿತ್ತು. ಇಷ್ಟು ಮೌನದಲ್ಲಿ ಟೈಲರಮ್ಮ ಎಂದೂ ಕೂತಿರಲಿಲ್ಲ. ಕೈ ಎಲ್ಲಿ ಇಡುವುದೆಂದು ತಿಳಿಯದೆ ಸೆರಗಿನ ಅಂಚು ಮಡಚಿದಳು.

ಗಿಟಾರಿನವನು ಪುಟ ನೋಡಿ ನಾಬು ತಿರುಗಿಸಿದ. ಹತ್ತೂವರೆ, ಎರಡು, ಏಳು. ನಲವತ್ತು ನಾಬು ಮುಗಿಯಲು ಬಹಳ ಹೊತ್ತು ಬೇಕಾಯಿತು. "ಇದನ್ನ ಅಣ್ಣ ದಿನಾ ಮಾಡ್ತಿದ್ನಾ?" ಎಂದ.

"ಯಾವುದು ಮೊದಲು ಹಾಕ್ತೀನಿ ಅಂತ ಹೇಳ್ಬೇಕಾ ಅತ್ತಿಗೆ?"

"ಬೇಡ. ಹೆಸರು ಕೇಳಿದ್ರೆ ಕಿವಿ ಕೆಡುತ್ತೆ."

ಮೊದಲನೆಯದು ಬಂತು. ತುಂಬು ದನಿ. ಮದುವೆ ಛತ್ರದಲ್ಲಿ ದೀಪ ಎಲ್ಲಾ ಹತ್ತಿದ ಹಾಗೆ. ಚೆನ್ನಾಗಿತ್ತು. ಅವಳು ತಲೆ ಆಡಿಸಿದಳು.

ಎರಡನೆಯದು ಬಂತು. ಸ್ವಲ್ಪ ಒರಟು. ಅಂಚು ಮಡಚದೇ ಬಿಟ್ಟ ಬಟ್ಟೆಯ ಹಾಗೆ ಒಂದೆರಡು ಎಳೆ ಹೊರಗೆ. ಟೈಲರಮ್ಮ ಹಿಂದಕ್ಕೆ ತಿರುಗಿ ಬಾಗಿಲ ಕಡೆ ನೋಡಿದಳು. ಬಂದೆ ಎನ್ನಲು ಬಾಯಿ ತೆರೆದಿತ್ತು. ಬಾಗಿಲು ಹಾಕಿತ್ತು.

"ಯಾವುದು ಅತ್ತಿಗೆ?"

ಅವಳಿಗೆ ಗೊತ್ತಿತ್ತು. ಆದರೆ ಆ ಪದ ನಾಲಿಗೆಯ ಮೇಲೆ ಏಳಲಿಲ್ಲ. ಅಷ್ಟು ದಿನ ಕೇಳದೇ ಹೇಳಿದ ಪದ. ಇವತ್ತು ಕೇಳಿ ಹೇಳಬೇಕು.

"ತಿರುಗಿಸಿ ಹಾಕಪ್ಪ," ಎಂದಳು.

ಅವನು ಅದಲು ಬದಲು ಮಾಡಿ ಹಾಕಿದ. ಈ ಸಲ ಮೊದಲನೆಯದಕ್ಕೇ ಅವಳ ಕತ್ತು ತಿರುಗಿತು. ಇನ್ನೊಮ್ಮೆ ಹಾಕು ಎಂದಳು. ಮತ್ತೆ ಅದೇ.

"ಈಗ ಮೊದಲನೆಯದು," ಎಂದಳು. "ಆಗ ಎರಡನೆಯದು."

"ಕತ್ತರಿ," ಎಂದ ಗಿಟಾರಿನವನು. ನೋಟ್‌ಬುಕ್ ಮುಚ್ಚಿ ಅದರ ಮೇಲೆ ಕೈ ಇಟ್ಟ. "ಅಣ್ಣನ ಮನಸ್ಸಲ್ಲೂ ಅದೇ ಇತ್ತು ಅತ್ತಿಗೆ. ನನ್ನ ಹತ್ರ ಹೇಳಿದ್ದ. ಹಾಗಾದ್ರೆ ಹಾಕಿ ಮುಗಿಸೋ ಅಂದೆ. ಅವಳು ಒಂದು ಮಾತು ಹೇಳಲಿ, ಆಮೇಲೆ ಅಂದ."

ಅವನು ಕತ್ತರಿಯ ದನಿಯನ್ನು ರಾಗಕ್ಕೆ ಕೂಡಿಸಿ ಎಂಟು ನಿಮಿಷವನ್ನೂ ಹಾಕಿದ. ಮಗಳು ಅತ್ತಳು. ಡ್ಯಾನ್ಸ್ ಟೀಚರಿಗೆ ಕೊಡೋಣಮ್ಮ, ಮುಂದಿನ ವರ್ಷ ಮಕ್ಕಳು ಕುಣೀತಾರೆ ಎಂದಳು. ಟೈಲರಮ್ಮ ಕೊಡು ಎಂದಳು. ಕುಣಿಯಲಿ. ಈ ವರ್ಷದ ಮಕ್ಕಳು ಬೇರೆ ಯಾರದೋ ಸಂಗೀತಕ್ಕೆ ಕುಣಿದು ಆಗಿತ್ತು. ಕೇಳಬೇಕಾದವನು ಹೋಗಿ ಆಗಿತ್ತು.

ಏಳುವಾಗ ಅವಳು ಗಿಟಾರಿನವನನ್ನು ಒಂದು ಮಾತು ಕೇಳಿದಳು.

"ನಾಬು ತಿರುಗಿಸಿದ್ದು ಬಿಡು. ನಾನು ಕೇಳಿ ಹೇಳೋಕೆ ಎಷ್ಟು ಹೊತ್ತು ಹಿಡೀತು?"

ಅವನು ಗಡಿಯಾರ ನೋಡಿದ. "ಹತ್ತು ನಿಮಿಷ ಇರಬಹುದು ಅತ್ತಿಗೆ. ಯಾಕೆ?"

"ಏನಿಲ್ಲ," ಎಂದಳು.

ಒಂದು ಕಾಲರ್ ಹೊಲಿಯಲು ಅವಳಿಗೆ ಹನ್ನೆರಡು ನಿಮಿಷ ಬೇಕು.